ಸರ್ಕಾರಿ ಕುರ್ಚಿ ಮತ್ತು ಸ್ವಂತ ನಂಬಿಕೆ

ಸಲಿಂಗ ಜೋಡಿಯೊಂದು ಸೇವೆ ಕೇಳಿಕೊಂಡು ಬಂದಾಗ, ತನ್ನ ಧರ್ಮ ಇದನ್ನು ಒಪ್ಪುವುದಿಲ್ಲ ಎಂದು ಸರ್ಕಾರಿ ನೌಕರ ಹಿಂದೆ ಸರಿಯಬಹುದೇ? ಭಾರತದ ಕಚೇರಿಗಳಲ್ಲಿ ಇದು ಈಗ ನಿಜವಾದ ಪ್ರಶ್ನೆ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ ಎಂದು ಸ್ಪಷ್ಟಪಡಿಸಿತು. ಅದೇ ಹೊತ್ತಿಗೆ ಆಹಾರ ಇಲಾಖೆ, ಪಡಿತರ ಚೀಟಿಯ ಮಟ್ಟಿಗೆ ಅವರನ್ನು ಒಂದೇ ಕುಟುಂಬವೆಂದು ಪರಿಗಣಿಸಬೇಕೆಂದು ರಾಜ್ಯಗಳಿಗೆ ಪತ್ರ ಬರೆಯಿತು. ಸಂಬಂಧಿಕರು ಸಿಗದಿದ್ದಾಗ ಸಂಗಾತಿಯೇ ಪಾರ್ಥಿವ ಶರೀರವನ್ನು ಪಡೆಯಬಹುದು ಎಂದು ಆರೋಗ್ಯ ಸಚಿವಾಲಯ ತಿಳಿಸಿತು.

ಈ ಆದೇಶಗಳು ದೆಹಲಿಯಲ್ಲಿ ಹೊರಟರೂ ಜಾರಿಯಾಗುವುದು ಕಲಬುರಗಿಯ ಬ್ಯಾಂಕ್ ಶಾಖೆಯಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ, ಕಮಲಾಪುರದ ತಹಸೀಲ್ ಕಚೇರಿಯಲ್ಲಿ. ಸಂವಿಧಾನದ 371ಜೆ ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಪದವೀಧರರಿಗೆ ಈ ಭಾಗದ ಹುದ್ದೆಗಳಲ್ಲಿ ಮೀಸಲಾತಿ ಇದೆ. ಹೀಗಾಗಿ ಇಲ್ಲಿ ಪದವಿ ಪಡೆಯುವವರಲ್ಲಿ ಹಲವರು ನಾಳೆ ಅದೇ ಕುರ್ಚಿಗಳಲ್ಲಿ ಕೂರುತ್ತಾರೆ. ಅವರಲ್ಲಿ ದೈವಭಕ್ತರು ಬಹಳ. ಶರಣಬಸವೇಶ್ವರರ ಜಾತ್ರೆ, ಖಾಜಾ ಬಂದೇನವಾಜರ ಉರುಸು, ಬುದ್ಧವಿಹಾರ, ಚರ್ಚುಗಳು ಎಲ್ಲವನ್ನೂ ಒಳಗೊಂಡ ಊರು ಕಲಬುರಗಿ. ಅವರ ಶ್ರದ್ಧೆಯನ್ನು ಹಗುರವಾಗಿ ಕಂಡು ಈ ಪ್ರಶ್ನೆಯನ್ನು ಬಿಡಿಸಲಾಗದು.

ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಟ್ಟೇ ರಕ್ಷಿಸುತ್ತದೆ. ಆದರೆ ಆ ವಿಧಿ ಆರಂಭವಾಗುವುದೇ ಒಂದು ಷರತ್ತಿನಿಂದ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಹಾಗೂ ಇತರ ಮೂಲಭೂತ ಹಕ್ಕುಗಳಿಗೆ ಈ ಸ್ವಾತಂತ್ರ್ಯ ಒಳಪಟ್ಟಿದೆ. ಸಮಾನತೆಯ 14ನೇ ವಿಧಿ ಆ ಇತರ ಹಕ್ಕುಗಳಲ್ಲಿ ಒಂದು. ಆತ್ಮಸಾಕ್ಷಿ ಎಲ್ಲಿ ಗೆಲ್ಲುತ್ತದೆ ಎಂಬುದಕ್ಕೆ 1986ರ ಬಿಜೋ ಇಮ್ಯಾನುಯೆಲ್ ತೀರ್ಪನ್ನು ನೋಡಬೇಕು. ಕೇರಳದ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು, ಸುಪ್ರೀಂ ಕೋರ್ಟ್ ಮತ್ತೆ ಒಳಗೆ ಸೇರಿಸಿತು. ಆ ಮಕ್ಕಳ ಮೌನದಿಂದ ಪಕ್ಕದ ಮಗುವಿಗೆ ಏನೂ ನಷ್ಟವಾಗಿರಲಿಲ್ಲ. ತಮ್ಮ ನಂಬಿಕೆಯ ಬೆಲೆಯನ್ನು ಅವರು ತಾವೇ ತೆತ್ತರು. ಕಚೇರಿಯ ನೌಕರನ ನಿರಾಕರಣೆ ಈ ಜಾತಿಯದಲ್ಲ. ಅಲ್ಲಿ ನಂಬಿಕೆ ಒಬ್ಬರದು, ಬೆಲೆ ತೆರುವವರು ಮೇಜಿನ ಆಚೆ ನಿಂತವರು. ಈ ಚರ್ಚೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಒಬ್ಬರ ಆತ್ಮಸಾಕ್ಷಿಯ ವೆಚ್ಚ ಯಾರ ಲೆಕ್ಕಕ್ಕೆ ಬೀಳುತ್ತದೆ?

ಹೊರದೇಶಗಳ ಎರಡು ಪ್ರಕರಣಗಳಲ್ಲಿ ಈ ಪ್ರಶ್ನೆ ಕಟುವಾಗಿ ಎದ್ದಿತು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಲಿಂಗ ವಿವಾಹವನ್ನು ಮಾನ್ಯ ಮಾಡಿದ ಮೇಲೆ, ಕೆಂಟಕಿ ರಾಜ್ಯದ ರೋವನ್ ಕೌಂಟಿಯ ಚುನಾಯಿತ ಕ್ಲರ್ಕ್ ಕಿಮ್ ಡೇವಿಸ್ ಮದುವೆಯ ಪರವಾನಗಿ ಕೊಡುವುದನ್ನೇ ನಿಲ್ಲಿಸಿದರು. ನ್ಯಾಯಾಲಯದ ಆದೇಶ ಪಾಲಿಸದ್ದಕ್ಕೆ ಐದು ದಿನ ಜೈಲಿನಲ್ಲಿದ್ದರು. ಮರುವರ್ಷ ಕೆಂಟಕಿ ಶಾಸನಸಭೆ ಪರವಾನಗಿಯ ನಮೂನೆಯಿಂದ ಕ್ಲರ್ಕ್ ಹೆಸರನ್ನೇ ತೆಗೆಯಿತು. ಅರ್ಜಿದಾರರಿಗೆ ಸೇವೆ ತಪ್ಪಲಿಲ್ಲ, ನೌಕರರ ಮನಸ್ಸಿನ ಭಾರವೂ ತಗ್ಗಿತು. ಲಂಡನ್ನಿನ ಇಸ್ಲಿಂಗ್ಟನ್ನಿನ ನೋಂದಣಾಧಿಕಾರಿ ಲಿಲಿಯನ್ ಲಡೇಲ್ ಅವರದು ಇನ್ನೂ ಕಷ್ಟದ ಪ್ರಕರಣ. ಅವರು ಹುದ್ದೆಗೆ ಬಂದಾಗ ಸಲಿಂಗ ಜೋಡಿಗಳ ನೋಂದಣಿ ಆ ಕೆಲಸದ ಭಾಗವಾಗಿರಲಿಲ್ಲ. ಕಾನೂನು ಆಮೇಲೆ ಬದಲಾಯಿತು, ಅವರು ಆ ನೋಂದಣಿಗೆ ಒಪ್ಪಲಿಲ್ಲ. ಆದರೂ 2013ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಬಹುಮತದ ಈ ತೀರ್ಪು ಸರಿಯೆಂದೇ ತೋರುತ್ತದೆ. ಆದರೆ ಆ ಮಹಿಳೆಯ ಸಂಕಟ ನಾಟಕವಲ್ಲ, ನಿಜವಾದದ್ದು ಎಂಬುದನ್ನು ಮರೆಯಬಾರದು.

ಇಂಥ ಕಡೆ ಸಾಮಾನ್ಯವಾಗಿ ಸೂಚಿಸುವ ಪರಿಹಾರ, ಆ ಕೆಲಸವನ್ನು ಪಕ್ಕದ ಸಹೋದ್ಯೋಗಿಗೆ ವಹಿಸುವುದು. ಕಲಬುರಗಿ ನಗರದಲ್ಲಿ ಇದು ನಡೆದೀತು. ಒಂದೇ ರಸ್ತೆಯಲ್ಲಿ ನಾಲ್ಕು ಬ್ಯಾಂಕುಗಳಿವೆ, ದೊಡ್ಡ ಆಸ್ಪತ್ರೆಯ ಒಂದೊಂದು ಪಾಳಿಗೂ ಹಲವು ವೈದ್ಯರಿದ್ದಾರೆ. ಕಮಲಾಪುರದ ಮಾತು ಬೇರೆ. ಕೆಂಪು ಬಾಳೆಗೆ ಹೆಸರಾದ, ತಾಲೂಕು ಕೇಂದ್ರವಾಗಿ ಹೆಚ್ಚು ಕಾಲವಾಗದ ಆ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಒಂದು ಕೆಲಸಕ್ಕೆ ಒಬ್ಬರೇ ನೌಕರರಿರುವುದು ಸಾಮಾನ್ಯ. ಅವರು ಇಲ್ಲವೆಂದರೆ ಅರ್ಜಿದಾರರಿಗೆ ಒಂದು ದಿನದ ಕೂಲಿ ಹೋಯಿತು, ಕಲಬುರಗಿಗೆ ಹೋಗಿಬರುವ ಬಸ್ಸಿನ ಖರ್ಚು ತಲೆಗೆ ಬಿತ್ತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸಣ್ಣ ಊರಿನಲ್ಲಿ ಯಾರ ಅರ್ಜಿ ಯಾಕೆ ಹಿಂದಿರುಗಿತು ಎಂಬುದು ಸಂಜೆಯೊಳಗೆ ಚಹಾದಂಗಡಿಯ ಮಾತಾಗುತ್ತದೆ. ಇಬ್ಬರು ಹೆಣ್ಣುಮಕ್ಕಳು ಬಾಡಿಗೆ ಮನೆಯಲ್ಲಿ ಒಟ್ಟಿಗೆ ಬಾಳುತ್ತಿದ್ದಾರೆ ಎನ್ನುವುದು ಅಷ್ಟರಿಂದಲೇ ಮನೆ ಮಾಲೀಕರಿಗೂ ತವರಿಗೂ ತಲುಪುತ್ತದೆ.

ಆದ್ದರಿಂದ ಸೇವೆ ಕೊಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ, ಗುಟ್ಟು ಕಾಯುವುದೂ ಅದರ ಭಾಗ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಲೈಂಗಿಕ ಒಲವು ಖಾಸಗಿತನದ ಅಂಗವೆಂದೂ ಆ ತೀರ್ಪಿನಲ್ಲಿ ಹೇಳಲಾಗಿದೆ. ಆ ಅರ್ಜಿಯನ್ನು ಹಾಕಿದವರು ಕನ್ನಡಿಗರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು ಆರಂಭಿಸಿದ ಮೊಕದ್ದಮೆ ಹಳ್ಳಿಯ ಜೋಡಿಗಳಿಗೂ ನೆರಳಾಯಿತು.

ಪೊಲೀಸ್ ಠಾಣೆಯಲ್ಲಿ ಈ ಸಂಘರ್ಷ ಹೆಚ್ಚು ಅಪಾಯಕಾರಿ. ಮಗಳು ಕಾಣೆಯಾಗಿದ್ದಾಳೆ ಎಂದು ಹೆತ್ತವರು ದೂರು ಕೊಡುತ್ತಾರೆ. ಆಕೆ ವಯಸ್ಕಳು, ಗೆಳತಿಯೊಡನೆ ಸ್ವಂತ ಇಚ್ಛೆಯಿಂದ ಇದ್ದಾಳೆ. ಸಂಸಾರ ಉಳಿಸುತ್ತಿದ್ದೇನೆಂಬ ಭಾವನೆಯಲ್ಲಿ ಠಾಣಾಧಿಕಾರಿ ಬುದ್ಧಿಮಾತು ಹೇಳಿ ತವರಿಗೆ ಕಳಿಸಿದರೆ ಆ ಹುಡುಗಿಯ ಜೀವಕ್ಕೇ ಕುತ್ತು ಬರಬಹುದು. 2024ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್, ಆಪ್ತಸಮಾಲೋಚನೆಯ ಹೆಸರಿನಲ್ಲಿ ಇಂಥವರ ಮನಸ್ಸು ತಿರುಗಿಸಲು ಯತ್ನಿಸಬಾರದೆಂದು ನ್ಯಾಯಾಲಯಗಳಿಗೇ ಮಾರ್ಗಸೂಚಿ ಕೊಟ್ಟಿತು. ಇದಕ್ಕೂ ಮೊದಲು, 2021ರಲ್ಲಿ, ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಮುಂದೆ ಮನೆಬಿಟ್ಟು ಬಂದ ಇಬ್ಬರು ಯುವತಿಯರ ಅರ್ಜಿ ಬಂದಿತ್ತು. ಈ ವಿಷಯದ ತಿಳಿವಳಿಕೆ ತಮಗೆ ಸಾಲದು ಎಂದು ಅವರು ಒಪ್ಪಿಕೊಂಡರು. ಮನಶ್ಶಾಸ್ತ್ರಜ್ಞರ ಬಳಿ ಕೂತು ಕಲಿತು, ಆಮೇಲೆ ತೀರ್ಪು ಬರೆದರು. ಅಧಿಕಾರದಲ್ಲಿರುವವರ ಆತ್ಮಸಾಕ್ಷಿ ಹೇಗೆ ಕೆಲಸ ಮಾಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಎಲ್ಲ ನಿರಾಕರಣೆಯೂ ತಪ್ಪಲ್ಲ. 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪಿನ ಪ್ರಕಾರ ಸಲಿಂಗ ವಿವಾಹಕ್ಕೆ ಭಾರತದಲ್ಲಿ ಕಾನೂನಿನ ಮಾನ್ಯತೆ ಇಲ್ಲ. ವಿವಾಹಾಧಿಕಾರಿ ಅಂಥ ಮದುವೆಯನ್ನು ನೋಂದಾಯಿಸದಿದ್ದರೆ ಅದು ಕಾನೂನಿನ ಪಾಲನೆ. ಆ ಜೋಡಿಯ ಬಗ್ಗೆ ಅಪಾರ ಸಹಾನುಭೂತಿ ಇರುವ ಅಧಿಕಾರಿಗೂ ನೋಂದಾಯಿಸುವ ಅಧಿಕಾರವಿಲ್ಲ. ಸ್ವಂತ ಮನಸ್ಸನ್ನು ಕಾನೂನಿನ ಜಾಗದಲ್ಲಿ ಕೂರಿಸಬಾರದು ಎಂಬ ಕಟ್ಟು ಎರಡೂ ಕಡೆಗೆ ಸಮ. ಮಠ, ಮಸೀದಿ, ಚರ್ಚುಗಳ ವಿಷಯವೂ ಬೇರೆ. ಯಾವ ಮದುವೆಯನ್ನು ನೆರವೇರಿಸಬೇಕು, ಯಾವುದನ್ನು ನೆರವೇರಿಸಬಾರದು ಎಂಬ ಅರ್ಚಕರ ಅಥವಾ ಖಾಜಿಯ ತೀರ್ಮಾನ ಧಾರ್ಮಿಕ ಸ್ವಾತಂತ್ರ್ಯದೊಳಗೇ ಇದೆ. ನೌಕರನೂ ಕಚೇರಿ ಮುಗಿಸಿ ಹೋದ ಮೇಲೆ ತನ್ನ ಶ್ರದ್ಧೆಯಂತೆ ಬದುಕಬಹುದು, ಪೂಜಿಸಬಹುದು, ಪ್ರಾರ್ಥಿಸಬಹುದು.

ಕರ್ತವ್ಯದ ಹೆಸರಿನಲ್ಲೇ ಅನ್ಯಾಯವಾದದ್ದೂ ಇತಿಹಾಸದಲ್ಲಿದೆ. ಕಲಬುರಗಿಯನ್ನು ಒಳಗೊಂಡಿದ್ದ ನಿಜಾಮರ ಸಂಸ್ಥಾನದಲ್ಲಿ ಫಸಲಿ ಪಂಚಾಂಗದ 1329ನೇ ವರ್ಷದ ಕಾಯ್ದೆಯೊಂದು ಹಿಜಡಾ ಸಮುದಾಯದವರ ಹೆಸರುಗಳನ್ನು ಪಟ್ಟಿ ಮಾಡಿ ನಿಗಾ ಇಡಲು ಅಧಿಕಾರ ಕೊಟ್ಟಿತ್ತು. ತೆಲಂಗಾಣ ಹೈಕೋರ್ಟ್ ಅದನ್ನು ಅಸಂವಿಧಾನಿಕವೆಂದು ರದ್ದು ಮಾಡಿದ್ದು 2023ರಲ್ಲಿ. ಇನ್ನೂ ಹಿಂದೆ ಹೋದರೆ, ಕಮಲಾಪುರ ದಾಟಿ ಹುಮನಾಬಾದ್ ಮಾರ್ಗವಾಗಿ ಸಿಗುವ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಯನ್ನು ಧರ್ಮಬಾಹಿರವೆಂದು ಬಗೆದು, ಬಿಜ್ಜಳನ ಆಳ್ವಿಕೆ ಆ ತಂದೆಯರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟಿತೆಂದು ಶರಣ ಪರಂಪರೆ ಹೇಳುತ್ತದೆ. ಇಂಥ ಆಜ್ಞೆಗಳ ಮುಂದೆ ನೌಕರನ ಆತ್ಮಸಾಕ್ಷಿ ಎಚ್ಚರವಾಗಿರಲೇಬೇಕು. ಲಿಖಿತ ಭಿನ್ನಾಭಿಪ್ರಾಯ, ವರ್ಗಾವಣೆಯ ಕೋರಿಕೆ, ಕೊನೆಗೆ ರಾಜೀನಾಮೆ ಅದಕ್ಕೆ ತೆರೆದ ದಾರಿಗಳು. ಈ ಮೂರರಲ್ಲೂ ಬೆಲೆ ತೆರುವವನು ನೌಕರನೇ.

ಅರ್ಜಿದಾರರ ಕೈಯಲ್ಲೂ ಸಾಧನಗಳಿವೆ. 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗಳಿಗೆ ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಸಂಖ್ಯೆ ಸಿಗಬೇಕು, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಚಿಕ್ಕದು, ಬರಹದ ಕಾರಣ ದೊಡ್ಡದು. ತನ್ನ ಧರ್ಮಕ್ಕೆ ಒಗ್ಗುವುದಿಲ್ಲ ಎಂದು ಸರ್ಕಾರಿ ಕಡತದಲ್ಲಿ ಬರೆದು ಸಹಿ ಹಾಕಲು ಯಾವ ಅಧಿಕಾರಿಗೂ ಆಗದು. ಮದುವೆಗೆ ಮಾನ್ಯತೆ ಇಲ್ಲದ್ದರಿಂದ ಸಂಗಾತಿಗೆ ಉತ್ತರಾಧಿಕಾರವೂ ತಾನಾಗಿ ಬರುವುದಿಲ್ಲ. ಸ್ವಯಾರ್ಜಿತ ಮನೆ, ಹೊಲ ಸಂಗಾತಿಗೇ ಸೇರಬೇಕೆಂದರೆ ಉಯಿಲು ಬರೆಯಬೇಕು. ನೋಂದಾಯಿಸುವುದು ಕಡ್ಡಾಯವಲ್ಲದಿದ್ದರೂ ಮುಂದಿನ ತಕರಾರಿಗೆ ಅದು ರಕ್ಷಣೆ. ಉಯಿಲು ನೋಂದಾಯಿಸುವ ಅಧಿಕಾರಿ ಬರೆದವರ ಗುರುತನ್ನೂ, ಅವರೇ ಬರೆಸಿದ್ದಾರೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಆಸ್ತಿ ಪಡೆಯುವವರು ಬರೆದವರಿಗೆ ಏನಾಗಬೇಕು ಎಂಬ ಕಾರಣಕ್ಕೆ ಅದನ್ನು ತಿರಸ್ಕರಿಸುವ ಅಧಿಕಾರ ಅವರಿಗಿಲ್ಲ.