ಜೋಡಿ ಗ್ರಾಫಿಕ್ಸ್ ಕಾರ್ಡು: ಆಟದ ನಡುವೆ ಕಂಪ್ಯೂಟರ್ ನಿಂತಾಗ



ಪತ್ರ ಬರೆಯುವಾಗ, ಲೆಕ್ಕ ಮಾಡುವಾಗ, ಸಿನಿಮಾ ನೋಡುವಾಗ ಸುಮ್ಮನಿರುವ ಕಂಪ್ಯೂಟರ್, ಆಟ ಆರಂಭಿಸಿ ಹತ್ತು ನಿಮಿಷವಾಗುವುದರೊಳಗೆ ದೀಪ ಆರಿದಂತೆ ನಿಂತುಬಿಡುತ್ತದೆ. ಒಳಗೆ ಎರಡು ಗ್ರಾಫಿಕ್ಸ್ ಕಾರ್ಡುಗಳಿದ್ದರೆ ಈ ತೊಂದರೆ ಇನ್ನೂ ಹೆಚ್ಚು. ಆಗ ಅಂಗಡಿಗೆ ಓಡಿ ಹೊಸ ಭಾಗ ಕೊಳ್ಳುವವರೇ ಬಹಳ. ಹಣ ಖರ್ಚು ಮಾಡುವ ಮೊದಲು ಮನೆಯಲ್ಲೇ ಕಾರಣ ಹುಡುಕುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಮೊದಲು ಎರಡು ಕಾರ್ಡುಗಳ ವಿಚಾರ. 1998ರಲ್ಲಿ ತ್ರೀಡಿಎಫ್ಎಕ್ಸ್ ಸಂಸ್ಥೆಯ ವೂಡೂ-2 ಕಾರ್ಡುಗಳನ್ನು ಜೋಡಿಯಾಗಿ ಬಳಸುವ ಪದ್ಧತಿ ಬಂದಿತು. 2004ರಲ್ಲಿ ಎನ್‌ವಿಡಿಯಾ ಎಸ್ಎಲ್ಐ ಎಂಬ ಹೆಸರಿನಲ್ಲಿ, 2005ರಲ್ಲಿ ಎಟಿಐ ಕ್ರಾಸ್‌ಫೈರ್ ಎಂಬ ಹೆಸರಿನಲ್ಲಿ ಇದನ್ನು ಮುಂದುವರಿಸಿದವು. ಸಾಮಾನ್ಯವಾಗಿ ಒಂದು ಚಿತ್ರವನ್ನು ಮೊದಲ ಕಾರ್ಡು, ಮರುಚಿತ್ರವನ್ನು ಎರಡನೆಯ ಕಾರ್ಡು ರಚಿಸುತ್ತದೆ. ನೇಗಿಲಿಗೆ ಕಟ್ಟಿದ ಜೋಡೆತ್ತಿನಂತೆ ಎರಡೂ ಹೆಜ್ಜೆ ಕೂಡಿಸಿ ನಡೆಯಬೇಕು. ಒಂದು ಮುಗ್ಗರಿಸಿದರೆ ಉಳುಮೆಯೇ ನಿಲ್ಲುತ್ತದೆ.

ಕಂಪ್ಯೂಟರ್ ಹೇಗೆ ನಿಂತಿತು ಎಂಬುದೇ ಮೊದಲ ಸುಳಿವು. ಫ್ಯಾನುಗಳೂ ಸೇರಿ ಎಲ್ಲವೂ ಒಮ್ಮೆಲೇ ಆರಿಹೋದರೆ ಅನುಮಾನ ವಿದ್ಯುತ್ ಪೂರೈಕೆಯ ಮೇಲೆ ಹೋಗಬೇಕು. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದರೆ, ಇಲ್ಲವೇ ಚಿತ್ರ ಸ್ತಬ್ಧವಾದರೆ, ಕಾರ್ಡು ಅಥವಾ ಅದರ ಡ್ರೈವರ್ ತಂತ್ರಾಂಶವನ್ನು ನೋಡಬೇಕು. ಆಟ ಮಾತ್ರ ಮುಚ್ಚಿಕೊಂಡು ಉಳಿದುದೆಲ್ಲ ಸರಿಯಿದ್ದರೆ ದೋಷ ಆ ಆಟದಲ್ಲೇ ಇರಬಹುದು. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಎಂಬ ದಿನಚರಿಯಿದೆ. ಅದರಲ್ಲಿ ಕರ್ನಲ್-ಪವರ್ 41 ಎಂದು ಬರೆದಿರುವುದನ್ನು ಕಂಡು ಅನೇಕರು ಎಸ್‌ಎಂಪಿಎಸ್ ಕೆಟ್ಟಿತೆಂದು ತೀರ್ಮಾನಿಸುತ್ತಾರೆ. ಅದು ತಪ್ಪು. ಯಂತ್ರ ಕ್ರಮವಾಗಿ ಮುಚ್ಚದೆ ನಿಂತಿತು ಎಂಬುದಷ್ಟೇ ಅದರ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ. 4101 ಎಂಬ ಸಂಖ್ಯೆಯಿದ್ದರೆ ಡ್ರೈವರ್ ಉತ್ತರಿಸದೆ ನಿಂತು, ಮತ್ತೆ ಚೇತರಿಸಿಕೊಂಡಿತು ಎಂದು ತಿಳಿಯಬೇಕು.

ಎರಡನೆಯ ಹೆಜ್ಜೆಯೇ ಮುಖ್ಯವಾದುದು. ಕಾರ್ಡುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಗೋಡೆಯ ಸ್ವಿಚ್ಚು ಆರಿಸಿ, ತಂತಿ ಕಳಚಿ, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು ಕೈಹಾಕಿ. ಮೊದಲ ಕಾರ್ಡನ್ನು ಮೇಲಿನ ಸ್ಲಾಟಿನಲ್ಲಿ ಒಂಟಿಯಾಗಿ ಇಟ್ಟು ಅದೇ ಆಟವನ್ನು ಅರ್ಧ ಗಂಟೆ ಆಡಿ. ಬಳಿಕ ಅದೇ ಸ್ಲಾಟಿನಲ್ಲಿ ಎರಡನೆಯದನ್ನು ಇಡಿ. ಆಮೇಲೆ ಸರಿಯಿರುವ ಕಾರ್ಡನ್ನು ಕೆಳಗಿನ ಸ್ಲಾಟಿಗೆ ಹಾಕಿ. ಮಾನಿಟರಿನ ತಂತಿ ಪ್ರತಿಸಲವೂ ಪರೀಕ್ಷೆಗಿಟ್ಟ ಕಾರ್ಡಿಗೇ ಇರಲಿ. ಒಂದೇ ಕಾರ್ಡಿನೊಡನೆ ತೊಂದರೆ ಕಂಡರೆ ದೋಷ ಆ ಕಾರ್ಡಿನದು. ಒಂದೇ ಸ್ಲಾಟಿನಲ್ಲಿ ಕಂಡರೆ ಮದರ್‌ಬೋರ್ಡಿನದು. ಎಲ್ಲವೂ ಒಂಟಿಯಾಗಿ ಸರಿಯಿದ್ದು, ಜೋಡಿಯಾದಾಗ ಮಾತ್ರ ನಿಂತರೆ ಉಳಿಯುವುದು ನಾಲ್ಕೇ: ವಿದ್ಯುತ್ತು, ಬಿಸಿ, ಎರಡನ್ನೂ ಕೂಡಿಸುವ ಸೇತುವೆಯ ತುಂಡು, ಮತ್ತು ತಂತ್ರಾಂಶ.

ವಿದ್ಯುತ್ತಿನ ಲೆಕ್ಕ ಸುಲಭ. ಸ್ಲಾಟು ಕೊಡುವುದು ಹೆಚ್ಚೆಂದರೆ 75 ವಾಟ್. ಆರು ಪಿನ್ನಿನ ಪ್ಲಗ್ಗು 75 ವಾಟ್, ಎಂಟು ಪಿನ್ನಿನದು 150 ವಾಟ್. ತಲಾ 250 ವಾಟ್ ಬೇಡುವ ಎರಡು ಕಾರ್ಡುಗಳಿಗೇ 500 ವಾಟ್ ಬೇಕು. ಪ್ರೊಸೆಸರ್, ಡಿಸ್ಕು, ಫ್ಯಾನುಗಳು ಸೇರಿದರೆ 700ರ ಹತ್ತಿರ ಹೋಗುತ್ತದೆ. ಕ್ಷಣಕಾಲದ ಸೆಳೆತ ಇದಕ್ಕೂ ಮೀರುವುದುಂಟು. ಎಸ್‌ಎಂಪಿಎಸ್‌ಗೆ ಆ ಶಕ್ತಿ ಇಲ್ಲವಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಆರುತ್ತದೆ.

ಯುಪಿಎಸ್ ಅನ್ನೂ ಮರೆಯಬೇಡಿ. 600 ವಿಎ ಎಂದು ಬರೆದ ಸಣ್ಣ ಯುಪಿಎಸ್‌ಗಳು ಸಾಮಾನ್ಯವಾಗಿ 360 ವಾಟ್ ಮಾತ್ರ ಕೊಡಬಲ್ಲವು. ಆಟದ ಮಧ್ಯೆ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿದರೂ ಭಾರ ತಾಳದೆ ಕೈಬಿಡುತ್ತವೆ. ದೋಷ ಕಾರ್ಡಿನದಲ್ಲ.

ನಮ್ಮ ಬಂಧುಗಳ ಮನೆಯ ಹುಡುಗನೊಬ್ಬ ಹಬ್ಬಕ್ಕೆ ಬಂದ ಹಣವನ್ನೆಲ್ಲ ಕೂಡಿಸಿ ಎರಡನೆಯ ಕಾರ್ಡನ್ನು ಕೊಂಡಿದ್ದ. ಸಂಜೆಯಾದರೆ ಯಂತ್ರ ನಿಲ್ಲುತ್ತಿತ್ತು. "ಆಟದ ಹುಚ್ಚಿಗೆ ಇದೇ ಶಿಕ್ಷೆ" ಎಂದು ಅವನ ತಂದೆ ಗದರಿದರು. ಹುಡುಗ ಬೇಸತ್ತು, ಕೊಂಡ ಕಾರ್ಡನ್ನು ಅರ್ಧ ಬೆಲೆಗೆ ಮಾರಲು ಹೊರಟಿದ್ದ. ಮೇಲೆ ಹೇಳಿದಂತೆ ಪರೀಕ್ಷಿಸಿದೆವು. ಎರಡು ಕಾರ್ಡುಗಳೂ ಒಂಟಿಯಾಗಿ ಚೆನ್ನಾಗಿದ್ದವು. ಆಮೇಲೆ ತಂತಿ ನೋಡಿದರೆ, ಎರಡೂ ಕಾರ್ಡುಗಳಿಗೆ ಒಂದೇ ತಂತಿಯನ್ನು ಕವಲೊಡೆಸಿ ಕೊಟ್ಟಿದ್ದರು! ಕವಲಿನ ಪ್ಲಗ್ಗಿನ ಪ್ಲಾಸ್ಟಿಕ್ಕು ಸುಟ್ಟ ದೋಸೆಯ ಅಂಚಿನಂತೆ ಕಂದಿತ್ತು. ಇನ್ನೂ ಕೆಲವು ದಿನ ಹಾಗೆಯೇ ಬಿಟ್ಟಿದ್ದರೆ ಮಕ್ಕಳು ಮಲಗುವ ಆ ಕೋಣೆಯಲ್ಲಿ ಏನಾಗಬಹುದಿತ್ತೋ! ಪ್ರತಿಯೊಂದು ಕಾರ್ಡಿಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ತಂತಿ ಎಳೆದ ಮೇಲೆ ಯಂತ್ರ ನಿಲ್ಲಲಿಲ್ಲ. ಸುಟ್ಟ ವಾಸನೆ ಬಂದರೆ, ಪ್ಲಗ್ಗು ಕಂದಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. ತಂತಿ ಕಳಚಿದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಮುಂದೆ ಬಿಸಿ. ಮೇಲಿನ ಕಾರ್ಡಿನ ಫ್ಯಾನು ಕೆಳಗಿನ ಕಾರ್ಡಿನ ಬಿಸಿ ಬೆನ್ನಿಗೆ ಮುಖಮಾಡಿರುತ್ತದೆ. ಆದ್ದರಿಂದ ಮೇಲಿನದೇ ಹೆಚ್ಚು ಕಾಯುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಒಳಗಿನ ಪಾಡನ್ನು ಊಹಿಸಿ. ಪಕ್ಕದ ಮುಚ್ಚಳ ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಆಡಿ ನೋಡಿ. ತೊಂದರೆ ಹೋದರೆ ಕಾರಣ ಸಿಕ್ಕಿತೆಂದೇ ಅರ್ಥ. ಧೂಳು ತೆಗೆಯಿರಿ. ಮದರ್‌ಬೋರ್ಡಿನಲ್ಲಿ ಅವಕಾಶವಿದ್ದರೆ ಕಾರ್ಡುಗಳ ನಡುವೆ ಅಂತರ ಹೆಚ್ಚಿಸಿ.

ಕೊನೆಗೆ ತಂತ್ರಾಂಶ. ಓವರ್‌ಕ್ಲಾಕ್ ಮಾಡಿದ್ದರೆ ಮೂಲ ವೇಗಕ್ಕೆ ತನ್ನಿ. ಹಳೆಯ ಡ್ರೈವರನ್ನು ಪೂರ್ತಿ ಅಳಿಸಿ ಹೊಸದಾಗಿ ಸ್ಥಾಪಿಸಿ. ಕಾರ್ಡುಗಳನ್ನು ಕೀಳದೆ, ಎಸ್ಎಲ್ಐ ಅಥವಾ ಕ್ರಾಸ್‌ಫೈರ್ ಸೌಲಭ್ಯವನ್ನು ಮಾತ್ರ ಆರಿಸಿ ಅದೇ ಆಟ ಆಡಿ. ಒಂದೇ ಆಟದಲ್ಲಿ ಮಾತ್ರ ತೊಂದರೆಯಿದ್ದು, ಹೀಗೆ ಆರಿಸಿದಾಗ ಅದು ಹೋದರೆ, ಆ ಆಟಕ್ಕೆ ಜೋಡಿ ಒಗ್ಗಿಲ್ಲವೆಂದು ತಿಳಿಯಬಹುದು. ಇದರಲ್ಲಿ ಆಶ್ಚರ್ಯವಿಲ್ಲ. ಎನ್‌ವಿಡಿಯಾ 2021ರ ಜನವರಿಯಿಂದ ಆರ್‌ಟಿಎಕ್ಸ್ 20 ಮಾಲೆ ಹಾಗೂ ಅದಕ್ಕೂ ಹಿಂದಿನ ಕಾರ್ಡುಗಳಿಗೆ ಹೊಸ ಎಸ್ಎಲ್ಐ ಹೊಂದಾಣಿಕೆಗಳನ್ನು ಸೇರಿಸುವುದನ್ನು ನಿಲ್ಲಿಸಿತು. ಅಲ್ಲಿಂದ ಮುಂದೆ ಜೋಡಿಯನ್ನು ದುಡಿಸುವ ಹೊಣೆ ಆಟ ತಯಾರಿಸುವವರ ಮೇಲೆ ಬಿದ್ದಿತು. ಹೆಚ್ಚಿನವರು ಅದನ್ನು ಹೊರಲಿಲ್ಲ. ಹೊಸ ಆಟಗಳಿಗೆ ಒಂದೇ ಕಾರ್ಡು ಸಾಕು ಎನಿಸಿದರೆ ಎರಡನೆಯದನ್ನು ತೆಗೆದಿಡುವುದು ಸೋಲಲ್ಲ. ವಿದ್ಯುತ್ತೂ ಉಳಿಯುತ್ತದೆ, ಬಿಸಿಯೂ ಇಳಿಯುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನಾಯಿತೆಂದು ಚೀಟಿಯಲ್ಲಿ ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಮದ್ದು ಯಾವುದೆಂದು ತಿಳಿಯುವುದಿಲ್ಲ. ಅಂಗಡಿಗೆ ಹೋಗಲೇಬೇಕಾಗಿ ಬಂದರೆ ಆ ಚೀಟಿ ನಿಮ್ಮ ಕೈಯಲ್ಲಿರಲಿ. ಬೇಡದ ಭಾಗವನ್ನು ನಿಮಗೆ ಮಾರುವುದು ಆಗ ಅಷ್ಟು ಸುಲಭವಲ್ಲ.