ರೋಗಿಯೊಡನೆ ನಡೆಯಬೇಕಾದ ದಾಖಲೆ

ಚಿಂಚೋಳಿಯ ಕಡೆಯ ಒಂದು ತಾಂಡಾದಿಂದ ದುಡಿಮೆಗೆಂದು ಪುಣೆಗೋ ಮುಂಬಯಿಗೋ ಹೊರಟುನಿಂತ ಕುಟುಂಬವನ್ನು ಕಣ್ಣಮುಂದೆ ತಂದುಕೊಳ್ಳಿ. ಪಾತ್ರೆ, ಹಾಸಿಗೆ, ಜೋಳದ ಚೀಲಗಳ ನಡುವೆ ಒಂದು ಪ್ಲಾಸ್ಟಿಕ್ ಕೈಚೀಲ. ಅದರಲ್ಲಿ ಆಸ್ಪತ್ರೆಯ ಚೀಟಿಗಳು. ವಾಡಿ ಜಂಕ್ಷನ್ನಿನ ನೂಕುನುಗ್ಗಲಿನಲ್ಲಿ ಆ ಚೀಲ ಕಳೆಯಿತೆಂದರೆ, ಮನೆಯ ಹಿರಿಯನಿಗೆ ಕ್ಷಯದ ಔಷಧಿ ಎಂದು ಆರಂಭವಾಯಿತು, ಎಷ್ಟು ವಾರ ನಡೆಯಿತು ಎಂದು ಹೇಳಬಲ್ಲವರು ಆ ದೂರದ ಊರಿನಲ್ಲಿ ಯಾರಿದ್ದಾರೆ? "ಹೋದ ಸಲ ಕೆಂಪು ಗುಳಿಗಿ ಕೊಟ್ಟಿದ್ರಿ" ಎಂಬ ಮಾತಿನಿಂದ ವೈದ್ಯರು ಏನನ್ನು ತಿಳಿಯಬೇಕು? ಸಾಧಾರಣ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ನಡುವೆ ಬಿಟ್ಟರೆ, ಔಷಧಿಗೆ ಜಗ್ಗದ ಕ್ಷಯವಾಗಿ ಅದು ಮರಳಿ ಬರಬಹುದು.

2012ರಲ್ಲಿ ಕ್ಷಯವು ಸರಕಾರಕ್ಕೆ ತಿಳಿಸಲೇಬೇಕಾದ ರೋಗವಾಯಿತು. ಅದೇ ವರ್ಷ 'ನಿಕ್ಷಯ್' ಎಂಬ ಗಣಕ ದಾಖಲೆಯೂ ಬಂದಿತು. ರೋಗಿ ಊರು ಬಿಟ್ಟರೆ ಇಲ್ಲಿಯವರು ಅವನ ಹೆಸರನ್ನು ಅಲ್ಲಿಯವರಿಗೆ ವರ್ಗಾಯಿಸಬಹುದು. ಆದರೆ ಯಂತ್ರಕ್ಕೆ ತಾನಾಗಿ ಏನೂ ತಿಳಿಯದು. ಹೊರಡುವ ಮುನ್ನ ರೋಗಿ ಹೇಳಬೇಕು, ಸಿಬ್ಬಂದಿ ಕೇಳಬೇಕು.

2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ವಿಸ್ತರಿಸಿತು. ಅದರ 'ಆಭಾ' ಸಂಖ್ಯೆಗೆ 14 ಅಂಕಿಗಳು. ನಮ್ಮ ಕಾಯಿಲೆಯ ವಿವರವೆಲ್ಲ ದಿಲ್ಲಿಯಲ್ಲಿ ಒಂದೆಡೆ ರಾಶಿ ಬೀಳುತ್ತದೆಂದು ಹಲವರ ಅಂಜಿಕೆ. ಹಾಗಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರುತ್ತದೆ. ರೋಗಿ ಒಪ್ಪಿದಾಗ ಮಾತ್ರ ಮತ್ತೊಂದು ಆಸ್ಪತ್ರೆ ಅದನ್ನು ನೋಡಬಹುದು. ಈ ಸಂಖ್ಯೆ ಕಡ್ಡಾಯವಲ್ಲ ಎಂಬುದನ್ನು ನೋಂದಣಿಯ ಕಿಟಕಿಯಲ್ಲಿ ಕುಳಿತವರು ಬಾಯಿಬಿಟ್ಟು ಹೇಳಬೇಕು.

ನಮ್ಮ ಸೀಮೆಯ ತೊಡಕು ಬೇರೆಯೇ ಇದೆ. ಸೇಡಂನಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಮೆಹಬೂಬ ಎಂಬಾತ ಚಿತ್ತಾಪುರದಲ್ಲಿ ಮಹಿಬೂಬ, ಶಹಾಬಾದಿನಲ್ಲಿ ಮೈಬೂಬ. ವಯಸ್ಸು ಒಂದೆಡೆ ಐವತ್ತು, ಇನ್ನೊಂದೆಡೆ ಐವತ್ತೈದು. ಯಂತ್ರಕ್ಕೆ ಇವರು ಮೂವರು. ಒಬ್ಬ ಮೆಹಬೂಬನಿಗೆ ಪೆನಿಸಿಲಿನ್ ಒಗ್ಗದೆಂಬ ಎಚ್ಚರಿಕೆ ಇನ್ನಿಬ್ಬರ ಪುಟದಲ್ಲಿ ಕಾಣುವುದಿಲ್ಲ. ಹೊಸ ಹೆಸರು ಸೇರಿಸುವ ಮುನ್ನ ಹಳೆಯದನ್ನು ಹುಡುಕಲು ಅರ್ಧ ನಿಮಿಷ ಸಾಕು. ಸರತಿ ಉದ್ದವಿದ್ದಾಗ ಆ ಅರ್ಧ ನಿಮಿಷವೇ ಸಿಗುವುದಿಲ್ಲ, ಒಪ್ಪತಕ್ಕದ್ದೇ.

ದಾದಿಯರ ದೂರು ನ್ಯಾಯವಾದದ್ದು: ರಿಜಿಸ್ಟರಿನಲ್ಲಿ ಒಮ್ಮೆ, ಗಣಕದಲ್ಲಿ ಮತ್ತೊಮ್ಮೆ. ಯಾವುದು ಮೂಲ ದಾಖಲೆ ಎಂದು ಆಸ್ಪತ್ರೆಯ ನಿಯಮ ನಿಚ್ಚಳವಾಗಿ ಹೇಳದಿದ್ದರೆ ಎರಡೂ ಅರ್ಧರ್ಧ ತುಂಬಿ ನಿಲ್ಲುತ್ತವೆ. ಕರೆಂಟು ಹೋದಾಗ ಕಾಗದದಲ್ಲಿ ಬರೆದುದನ್ನು ಆಮೇಲೆ ಏರಿಸುವಾಗ, ಚುಚ್ಚುಮದ್ದು ಕೊಟ್ಟ ಹೊತ್ತನ್ನು ನಮೂದಿಸಬೇಕೇ ಹೊರತು ಏರಿಸಿದ ಹೊತ್ತನ್ನಲ್ಲ. ಇಲ್ಲವಾದರೆ ಮುಂದಿನ ಪಾಳಿಯವರು ಮುಂದಿನ ಮದ್ದಿನ ಹೊತ್ತನ್ನು ತಪ್ಪಾಗಿ ಎಣಿಸುತ್ತಾರೆ. ಬೆಳಿಗ್ಗೆ ಒಬ್ಬರು ತೆರೆದ ಖಾತೆಯಲ್ಲಿಯೇ ರಾತ್ರಿಯವರೆಗೂ ಎಲ್ಲರೂ ಬರೆಯುವ ರೂಢಿಯಂತೂ ನಿಲ್ಲಬೇಕು. ಯಾರೋ ಕೊಟ್ಟ ಮದ್ದಿಗೆ ಇನ್ನಾರೋ ಉತ್ತರ ಹೇಳಬೇಕಾದೀತು.

ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ಇದನ್ನು ಕೇಳುವ ಹಕ್ಕು ತಮಗುಂಟೆಂದು ತಿಳಿದ ರೋಗಿಗಳು ಕಡಿಮೆ.

ಇನ್ನು ಒಪ್ಪಿಗೆಯ ಮಾತು. ಒಪ್ಪಿಗೆಯ ಗುಪ್ತಸಂಖ್ಯೆ ಫೋನಿಗೆ ಬರುತ್ತದೆ. ತುಂಬು ಬಸುರಿ ಆಸ್ಪತ್ರೆಯ ಬೆಂಚಿನ ಮೇಲಿದ್ದಾಳೆ, ಫೋನು ಗಂಡನ ಜೇಬಿನಲ್ಲಿ ಪುಣೆಯಲ್ಲಿದೆ. ಅದಕ್ಕಾಗಿ ಆಕೆಯನ್ನು ಕಾಯಿಸಬಾರದು. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ ಇಷ್ಟನ್ನು ತಾಯಿ ಕಾರ್ಡಿನಲ್ಲಿ ಓದಲು ಬರುವಂತೆ ಬರೆದು, "ಅವ್ವಾ, ಕಲಬುರಗಿಗೆ ಹೋದರೆ ಇದನ್ನ ಮೊದಲು ತೋರಿಸು" ಎಂದು ಅವಳ ಕೈಗೇ ಕೊಡಿರಿ.