ಬಿಸಿಲಿನ ಖಂಡಕ್ಕೆ ಪೆಂಗ್ವಿನ್ ಹೇಗೆ ಬಂತು?

"ಮಾಮ, ಇದು ಎಐ ಫೋಟೊ. ಗ್ಯಾರಂಟಿ."

ಬೇಸಿಗೆ ರಜೆಗೆ ಕುಮಟಾದಿಂದ ಬಂದಿದ್ದ ಅಕ್ಕನ ಮಗಳು ಪುಟ್ಟಿ ನನ್ನ ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತೀರ್ಪು ಕೊಟ್ಟಳು. ದಕ್ಷಿಣ ಆಫ್ರಿಕಾಕ್ಕೆ ಪ್ರವಾಸ ಹೋದ ಗೆಳೆಯ ಕಳಿಸಿದ ಫೋಟೊ ಅದು. ಆನೆ ಮಲಗಿದಂಥ ದುಂಡು ಬಂಡೆಗಳು, ಬಿಳಿ ಮರಳು, ಟೋಪಿ ಹಾಕಿಕೊಂಡು ಕೂತ ಜನ. ಅವರ ಟವೆಲ್ಲಿನ ಪಕ್ಕದಲ್ಲೇ, ಜಾಗ ತಮ್ಮ ಅಜ್ಜನದು ಎಂಬಂತೆ, ಏಳೆಂಟು ಪೆಂಗ್ವಿನ್!

ಅವಳಿಗೆ ಅನುಮಾನ ಬಂದದ್ದು ಸಹಜ. ಪೆಂಗ್ವಿನ್ ಅಂದರೆ ಹಿಮ, ಆಫ್ರಿಕಾ ಅಂದರೆ ಬಿಸಿಲು ಮತ್ತು ಸಿಂಹ ಎಂದೇ ನಮ್ಮ ಚಿತ್ರಪುಸ್ತಕಗಳೆಲ್ಲ ಕಲಿಸಿವೆ. ಆದರೆ ಫೋಟೊ ನಿಜವಾದದ್ದೇ. ಕೇಪ್‌ಟೌನ್ ಹತ್ತಿರದ ಸೈಮನ್ಸ್ ಟೌನ್ ಎಂಬ ಊರಿನ ಬೋಲ್ಡರ್ಸ್ ಬೀಚ್ ಅದು. 1982ರಲ್ಲಿ ಎರಡು ಜೋಡಿ ಪೆಂಗ್ವಿನ್ ಬಂದು ಅಲ್ಲಿ ಸಂಸಾರ ಹೂಡಿದವು. ಈಗ ಸಾವಿರಗಟ್ಟಲೆ ಇವೆ. ಎತ್ತರ ಎರಡು ಅಡಿಯಷ್ಟು, ತೂಕ ಹೆಚ್ಚೆಂದರೆ ಮೂರೂವರೆ ಕಿಲೊ. ಕೂಗಿದರೆ ಮಾತ್ರ ಥೇಟ್ ಕತ್ತೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಅಗಸರ ಕೇರಿಗೆ ಬಂದೆವೇನೋ ಅನ್ನಿಸಬೇಕು.

"ಸೆಕೆ ಆಗುದಿಲ್ವಾ ಅವಕ್ಕೆ?"

ಆಗುತ್ತದೆ. ಅದಕ್ಕೇ ಅದರ ಕಣ್ಣಿನ ಮೇಲೆ ನೋಡು, ಗುಲಾಬಿ ಬಣ್ಣದ ಪಟ್ಟಿ. ಅಲ್ಲಿ ಪುಕ್ಕ ಇಲ್ಲ, ಬರೀ ಚರ್ಮ. ಮೈ ಬಿಸಿಯಾದಾಗ ರಕ್ತ ಅಲ್ಲಿಗೆ ಹೆಚ್ಚು ಹರಿದು, ಗಾಳಿಗೆ ಒಡ್ಡಿಕೊಂಡು ತಣ್ಣಗಾಗುತ್ತದೆ. ಸೆಕೆ ಜೋರಾದಷ್ಟೂ ಪಟ್ಟಿಯ ಬಣ್ಣ ಗಾಢ. ನೀನು ಓಡಿ ಬಂದಾಗ ಮುಖ ಕೆಂಪಾಗುವುದಿಲ್ಲವೇ, ಹಾಗೆಯೇ.

ಆದರೂ ಪ್ರಶ್ನೆ ಅಲ್ಲೇ ಉಳಿಯಿತು. ಇಷ್ಟು ಕಷ್ಟಪಟ್ಟು ಅವು ಅಲ್ಲಿ ಇರುವುದಾದರೂ ಏಕೆ?

ಉತ್ತರ ಹೇಳಲು ನನಗೆ ಒಂದು ಲೋಟ ಹಾಲು ಬೇಕಾಯಿತು. ಕಾಯಿಸಿ ಆರಿಸಿದ, ಮೇಲೆ ಕೆನೆ ಕಟ್ಟಿದ ಹಾಲು. ಲೋಟದ ಒಂದು ಬದಿಯಿಂದ ಮೆಲ್ಲಗೆ ಊದು ಅಂದೆ. ಊದಿದಳು. ಕೆನೆ ಸುಕ್ಕುಸುಕ್ಕಾಗಿ ಆಚೆ ಬದಿಗೆ ಸರಿಯಿತು, ಈಚೆ ಬದಿಯಲ್ಲಿ ಅಡಿಯ ಹಾಲು ಕಾಣಿಸಿತು. ಆಫ್ರಿಕಾದ ನೈರುತ್ಯ ತೀರದಲ್ಲಿ ಗಾಳಿ ಮಾಡುವ ಕೆಲಸ ಹೆಚ್ಚುಕಡಿಮೆ ಇದೇ. ಅಲ್ಲಿ ಗಾಳಿ ದಡದ ಉದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ, ಭೂಮಧ್ಯರೇಖೆಯ ದಕ್ಷಿಣಕ್ಕೆ ಸಮುದ್ರದ ಮೇಲ್ಪದರದ ನೀರು ಗಾಳಿ ಹೋಗುವ ದಿಕ್ಕಿನಿಂದ ಎಡಕ್ಕೆ ಜಾರುತ್ತದೆ. ಎಡಕ್ಕೆ ಎಂದರೆ ದಡ ಬಿಟ್ಟು ಆಚೆಗೆ. ಜಾಗ ಖಾಲಿ ಬಿಡುವ ಸ್ವಭಾವ ನೀರಿಗಿಲ್ಲ. ಆಳದಲ್ಲಿದ್ದ ತಣ್ಣೀರು ಮೇಲೆದ್ದು ಬರುತ್ತದೆ. ಅಂಟಾರ್ಕ್ಟಿಕಾ ಕಡೆಯ ತಂಪು ಹೊತ್ತು ತರುವ ಬೆಂಗ್ವೆಲಾ ಪ್ರವಾಹ ಬೇರೆ ಇದೇ ದಡದಲ್ಲಿ ಹರಿಯುತ್ತದೆ. ಪೆಂಗ್ವಿನ್‌ಗಳ ಕೊಲ್ಲಿಯಿಂದ ಗುಡ್ಡ ದಾಟಿ ಪಶ್ಚಿಮದ ಬೀಚಿಗೆ ಹೋದರೆ ನಡುಬೇಸಿಗೆಯಲ್ಲೂ ನೀರು 12 ಡಿಗ್ರಿ ಇರುವುದುಂಟು. ಬಿಸಿಲು ನೋಡಿ ಉತ್ಸಾಹದಿಂದ ಹಾರಿದವರು ಅದೇ ಉತ್ಸಾಹದಲ್ಲಿ ಹೊರಗೆ ಬರುತ್ತಾರೆ.

ಇನ್ನು ಸಮುದ್ರದ ತಳ ಒಂದು ದೊಡ್ಡ ಗೊಬ್ಬರದ ಗುಂಡಿ. ಮೇಲೆ ಸತ್ತದ್ದೆಲ್ಲ ಕೆಳಗಿಳಿದು ಕೊಳೆಯುತ್ತದೆ. ತಣ್ಣೀರು ಮೇಲೇಳುವಾಗ ಆ ಸಾರವನ್ನೂ ಹೊತ್ತು ತರುತ್ತದೆ. ಬಿಸಿಲೂ ಗೊಬ್ಬರವೂ ಒಟ್ಟಿಗೆ ಸಿಕ್ಕಿದರೆ ಕೇಳಬೇಕೆ! ಕಣ್ಣಿಗೆ ಕಾಣದ ಪುಟ್ಟ ಸಸ್ಯಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಅವನ್ನು ತಿನ್ನಲು ಸಣ್ಣ ಮೀನು ಬರುತ್ತವೆ, ಮೀನನ್ನು ತಿನ್ನಲು ಪೆಂಗ್ವಿನ್. ಸಣ್ಣ ಮೀನು ಅಂದೆನಲ್ಲ, ಅದರಲ್ಲಿ ಮುಖ್ಯವಾದದ್ದು ಸಾರ್ಡೀನ್, ಕುಮಟಾದ ಪೇಟೆಯಲ್ಲಿ ಸಿಗುವ ತಾರ್ಲೆಯ ನೆಂಟ. ತಾರ್ಲೆ ಅಂದರೆ ಮಂಗಳೂರಿನವರ ಬೂತಾಯಿ. ಕೇರಳದಿಂದ ಮಂಗಳೂರಿನವರೆಗೆ ಮಳೆಗಾಲದಲ್ಲಿ ಹೀಗೆಯೇ ಅಡಿನೀರು ಮೇಲೇಳುತ್ತದೆ, ಬೂತಾಯಿಗೆ ಹಬ್ಬವಾಗುತ್ತದೆ.

"ಹಾಗಾದ್ರೆ ಅವು ಮೀನಿನ ಸಾರಿಗೆ ಬಂದದ್ದು" ಅಂದಳು ಪುಟ್ಟಿ. ಸರಿಯಾಗಿ ಹೇಳಿದಳು. ಬೇಸರದ ಸಂಗತಿಯೆಂದರೆ ಆ ಮೀನು ಈಗ ಸಾಲುತ್ತಿಲ್ಲ. 2024ರಲ್ಲಿ ಆಫ್ರಿಕನ್ ಪೆಂಗ್ವಿನ್ ಅಳಿವಿಗೆ ತೀರಾ ಹತ್ತಿರವಾದ ಪ್ರಾಣಿಗಳ ಪಟ್ಟಿ ಸೇರಿತು. ಮರಿ ಮಾಡುವ ಜೋಡಿಗಳು ಹತ್ತು ಸಾವಿರಕ್ಕಿಂತ ಕಡಿಮೆ ಉಳಿದಿವೆ. ಹಿಂದೆ ಅವು ತಮ್ಮದೇ ಹಿಕ್ಕೆಯ ದಪ್ಪ ಪದರದಲ್ಲಿ ಬಿಲ ತೋಡಿ ತಂಪಾಗಿ ಮೊಟ್ಟೆ ಇಡುತ್ತಿದ್ದವು. ಹಿಕ್ಕೆ ಒಳ್ಳೆಯ ಗೊಬ್ಬರವೆಂದು 19ನೇ ಶತಮಾನದಲ್ಲಿ ಜನ ಅದನ್ನೂ ಕೆರೆದು ಹಡಗಿಗೆ ತುಂಬಿದರು. ಈಗ ಮನುಷ್ಯರೇ ಗೂಡಿನ ಪೆಟ್ಟಿಗೆ ಮಾಡಿ ಇಡುತ್ತಿದ್ದಾರೆ.

ನೆಲದ ಮೇಲೆ ಭೂಪಟ ಹಾಸಿದೆವು. ಪಶ್ಚಿಮ ದಡದ ಪೋರ್ಟ್ ನೊಲೊತ್ ಮೇಲೆ ಅವಳ ಬೆರಳು, ಪೂರ್ವ ದಡದ ಡರ್ಬನ್ ಮೇಲೆ ನನ್ನ ಬೆರಳು. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶ, ಒಂದೇ ಸೂರ್ಯ. ಆದರೆ ಬೇಸಿಗೆಯಲ್ಲಿ ಡರ್ಬನ್ನಿನ ನೀರು 24 ಡಿಗ್ರಿ ದಾಟಿದರೆ ಪೋರ್ಟ್ ನೊಲೊತ್‌ನದು ಸುಮಾರು ಹತ್ತು ಡಿಗ್ರಿ ಕಡಿಮೆ. ಡರ್ಬನ್‌ಗೆ ಉತ್ತರದಿಂದ ಬಿಸಿನೀರು ತರುವ ಅಗುಲ್ಹಾಸ್ ಪ್ರವಾಹವಿದೆ. (ಎರಡು ಸಾಗರಗಳ ಗಡಿ ಗುಡ್‌ಹೋಪ್ ಭೂಶಿರದಲ್ಲಿದೆ ಎಂದು ಪ್ರವಾಸಿಗಳಿಗೆ ಹೇಳುವವರಿದ್ದಾರೆ. ನಂಬಬೇಡಿ. ಲೆಕ್ಕದ ಗಡಿ ಅಲ್ಲಿಂದ ಆಗ್ನೇಯಕ್ಕೆ, ಅಗುಲ್ಹಾಸ್ ಭೂಶಿರದಲ್ಲಿ.)

ಪುಟ್ಟಿಯ ಬೆರಳು ಪಶ್ಚಿಮ ದಡದಲ್ಲೇ ಮೇಲಕ್ಕೆ ಸರಿದು ನಮೀಬಿಯಾಕ್ಕೆ ಹೋಯಿತು. ಸಮುದ್ರಕ್ಕೆ ತಾಗಿಕೊಂಡೇ ಮರುಭೂಮಿ! ಇದೂ ತಣ್ಣೀರಿನದೇ ಕಿತಾಪತಿ. ತಣ್ಣೀರಿನ ಮೇಲಿನ ಗಾಳಿ ತಂಪಾಗಿ, ಭಾರವಾಗಿ ಕೆಳಗೇ ಕೂರುತ್ತದೆ. ಮೇಲೇರದ ಗಾಳಿ ಮಳೆಮೋಡ ಕಟ್ಟುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ನಮೀಬ್ ಮರುಭೂಮಿಯ ಕರಾವಳಿಗೆ ಇಪ್ಪತ್ತು ಮಿಲಿಮೀಟರ್ ಬಿದ್ದರೆ ಹೆಚ್ಚು. ಅಲ್ಲಿ ಸಿಗುವುದು ಮಂಜು ಮಾತ್ರ.

ಆ ಮಂಜನ್ನೇ ಕುಡಿದು ಬದುಕುವ ಒಂದು ಕರಿ ಜೀರುಂಡೆ ಇದೆ. ಬೆಳಗಿನ ಜಾವ ಮಂಜು ತೇಲಿ ಬರುವ ಹೊತ್ತಿಗೆ ಅದು ಮರಳುದಿಬ್ಬದ ನೆತ್ತಿ ಹತ್ತುತ್ತದೆ. ಗಾಳಿಗೆ ಮುಖ ಕೊಟ್ಟು, ತಲೆ ತಗ್ಗಿಸಿ, ಹಿಂಭಾಗ ಎತ್ತಿ ಶೀರ್ಷಾಸನ ಹಾಕಿ ನಿಲ್ಲುತ್ತದೆ. ಮಂಜಿನ ಕಣಗಳು ಬೆನ್ನಿಗೆ ಅಂಟುತ್ತವೆ. ಒಂದಕ್ಕೊಂದು ಕೂಡಿ ಹನಿಯಾಗುತ್ತವೆ. ಹನಿ ದಪ್ಪವಾಗುತ್ತದೆ, ನಡುಗುತ್ತದೆ, ಆಮೇಲೆ ಬೆನ್ನಿನಿಂದ ಜಾರಿ ನೇರ ಬಾಯಿಗೆ. ಲೋಟ ಎತ್ತುವ ಕೆಲಸವೂ ಇಲ್ಲ.

ಒಳನಾಡಿಗೆ ಹೋದರೆ ಕಬ್ಬಿಣದ ತುಕ್ಕಿನಿಂದ ಕೆಂಪಾದ ಮರಳಿನ ಗುಡ್ಡಗಳು. ಕೆಲವು ಮುನ್ನೂರು ಮೀಟರ್ ಮೀರುತ್ತವೆ. ಅವುಗಳ ನಡುವೆ ಡೆಡ್‌ವ್ಲೆ ಎಂಬ ಬಿಳಿ ಬಯಲಿನಲ್ಲಿ ಸತ್ತು ಆರೇಳು ನೂರು ವರ್ಷವಾದ ಮರಗಳು ಇನ್ನೂ ನಿಂತೇ ಇವೆ. ಮಳೆಗಾಲದಲ್ಲಿ ನಿಮ್ಮನೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತಲ್ಲ, ಆ ಬೂಷ್ಟಿಗೆ ತೇವ ಬೇಕು. ಅಲ್ಲಿ ತೇವವೇ ಇಲ್ಲ, ಹಾಗಾಗಿ ಮರಕ್ಕೆ ಕೊಳೆಯಲೂ ಆಗುತ್ತಿಲ್ಲ.

"ಈಗ ಬಿಸಿನೀರಿನ ಕಡೆ ಹೋಪ" ಅಂದಳು. ಬೆರಳನ್ನು ಪೂರ್ವಕ್ಕೆ ಎಳೆದು ಜಾಂಜಿಬಾರ್ ದ್ವೀಪದ ಮೇಲೆ ಇಟ್ಟೆ. ಅಲ್ಲಿನ ಸಮುದ್ರ ವರ್ಷವಿಡೀ ಸ್ನಾನದ ನೀರಿನಂತೆ ಬೆಚ್ಚಗೆ. ಹವಳಕ್ಕೆ ಬೇಕಾದದ್ದೇ ಅದು. ಹವಳವಿದ್ದಲ್ಲಿ ಗಿಳಿಮೀನು ಇರುತ್ತದೆ. ಅದು ಕೊಕ್ಕಿನಂಥ ಹಲ್ಲಿನಿಂದ ಹವಳವನ್ನು ಕಟಕಟ ಕಡಿದು, ಅದರಲ್ಲಿನ ಪಾಚಿಯನ್ನು ಅರಗಿಸಿಕೊಂಡು, ಉಳಿದ ಸುಣ್ಣದ ಪುಡಿಯನ್ನು ಹಿಂದಿನಿಂದ ಬಿಡುತ್ತದೆ. ಬೀಚಿನ ಬಿಳಿ ಮರಳಿನಲ್ಲಿ ಹವಳದ ಚೂರು, ಚಿಪ್ಪಿನ ಚೂರುಗಳ ಜೊತೆ ಈ ಪುಡಿಯೂ ಸೇರಿದೆ.

"ಅಂದ್ರೆ ಆ ಬೀಚಿಗೆ ಹೋದವ್ರು ಮೀನಿನ ಕಕ್ಕದ ಮೇಲೆ ಮಲಗಿದ್ದಾರಾ?" ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಐದು ನಿಮಿಷ ಪಾಠ ನಿಂತಿತು.

ಆ ದ್ವೀಪದ ಜೋಜಾನಿ ಕಾಡಿನ ಬಳಿ ಕೆಂಪು ಬೆನ್ನಿನ ಕೊಲೊಬಸ್ ಮಂಗಗಳಿವೆ. ಮನೆಗಳ ಅಂಗಳಕ್ಕೆ ಬಂದು ಅವು ಕದಿಯುವುದು ಬಾಳೆಹಣ್ಣನ್ನಲ್ಲ, ಇದ್ದಿಲನ್ನು! ತೋಟದ ಮಾವು ಮತ್ತು ಕಾಡುಬಾದಾಮಿಯ ಎಲೆ ಅವಕ್ಕೆ ಇಷ್ಟ. ಅದರಲ್ಲಿ ಪೌಷ್ಟಿಕಾಂಶ ಇದೆ, ಜೊತೆಗೆ ಹೊಟ್ಟೆಗೆ ಆಗದ ಫಿನಾಲ್ ಎಂಬ ಪದಾರ್ಥಗಳೂ ಇವೆ. ಇದ್ದಿಲಿನ ಸಣ್ಣ ಸಣ್ಣ ತೂತುಗಳು ಆ ಫಿನಾಲನ್ನು ಹೀರಿಕೊಳ್ಳುತ್ತವೆ. ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಇದ್ದಿಲ ಪುಡಿ ಕೊಡುವುದೂ ಇದೇ ಕಾರಣಕ್ಕೆ. ಮಂಗಕ್ಕೆ ಇದನ್ನು ಯಾರೂ ಹೇಳಿಕೊಡಲಿಲ್ಲ.

ಜಾಂಜಿಬಾರಿನ ಎದುರಿನ ದೊಡ್ಡ ನೆಲ ತಾಂಜಾನಿಯಾ. ಅದರ ಒಳಗೆ ಸೆರೆಂಗೆಟಿ ಬಯಲು. ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್‌ಗಳು ಮಳೆ ಬಿದ್ದಲ್ಲಿಗೆ, ಹುಲ್ಲು ಚಿಗುರಿದಲ್ಲಿಗೆ ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ಫೆಬ್ರುವರಿ ಹೊತ್ತಿಗೆ ಅವು ದಕ್ಷಿಣದ ಬಯಲಿಗೆ ಬರುತ್ತವೆ. ಅಲ್ಲಿನ ಮಣ್ಣು ಹಳೆಯ ಜ್ವಾಲಾಮುಖಿಯ ಬೂದಿ. ಹಾಲಿಗೂ ಮರಿಯ ಮೂಳೆಗೂ ಬೇಕಾದ ಕ್ಯಾಲ್ಸಿಯಂ, ರಂಜಕ ಆ ಹುಲ್ಲಿನಲ್ಲಿವೆ. ಹೆಚ್ಚಿನ ಮರಿಗಳೆಲ್ಲ ಎರಡು ಮೂರು ವಾರದೊಳಗೆ ಹುಟ್ಟಿಬಿಡುತ್ತವೆ. ಒಂದೇ ದಿನ ಊರಲ್ಲಿ ಹತ್ತು ಮದುವೆಯಾದರೆ ನೀನು ಎಷ್ಟು ಕಡೆ ಊಟ ಮಾಡುತ್ತೀ? ಸಿಂಹ, ಕತ್ತೆಕಿರುಬಗಳ ಪಾಡೂ ಅಷ್ಟೇ. ಹೊಟ್ಟೆ ತುಂಬಿದ ಮೇಲೆ ಉಳಿದ ಮರಿಗಳು ಬದುಕಿಕೊಳ್ಳುತ್ತವೆ.

ಕೊನೆಗೆ ಪುಟ್ಟಿಯ ಬೆರಳು ಭೂಪಟದಲ್ಲಿ ಕುಮಟಾದ ಮೇಲೆ ಬಂದು ನಿಂತಿತು. "ಇಲ್ಲಿಗೆ ಅಲ್ಲಿಂದ ಏನೂ ಬರುದಿಲ್ವಾ?"

ಬರುತ್ತದೆ. ಏಪ್ರಿಲ್ ದಾಟಿದರೆ ಜಾಂಜಿಬಾರಿನಲ್ಲಿ ದಕ್ಷಿಣದಿಂದ ಗಾಳಿ ಬೀಸತೊಡಗುತ್ತದೆ. ಪೂರ್ವ ಆಫ್ರಿಕಾದ ಎತ್ತರದ ನಾಡು ಗೋಡೆಯಂತೆ ಅಡ್ಡ ನಿಂತಿರುವುದರಿಂದ ಆ ಗಾಳಿ ದಡದುದ್ದಕ್ಕೂ ಇಕ್ಕಟ್ಟಾಗಿ, ರಭಸವಾಗಿ ನುಗ್ಗುತ್ತದೆ. ಭೂಮಧ್ಯರೇಖೆ ದಾಟಿದ ಮೇಲೆ ಬಲಕ್ಕೆ ತಿರುಗುತ್ತದೆ. ಅರಬ್ಬೀ ಸಮುದ್ರದ ನೀರಾವಿ ಹೊತ್ತುಕೊಂಡು ನಮ್ಮ ಸಹ್ಯಾದ್ರಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಫೈಂಡ್‌ಲೇಟರ್ ಎಂಬ ಹವಾಮಾನ ವಿಜ್ಞಾನಿ 1969ರಲ್ಲಿ ಈ ಗಾಳಿಯ ದಾರಿಯನ್ನು ವಿವರಿಸಿ ಬರೆದರು. ಅದಕ್ಕೂ ಎಷ್ಟೋ ಶತಮಾನ ಮೊದಲೇ ಹಾಯಿದೋಣಿಯವರು ಇದರ ಬೆನ್ನೇರಿ ಆಫ್ರಿಕಾದಿಂದ ಈಚೆ ದಡಕ್ಕೆ ಬರುತ್ತಿದ್ದರು. ನಾವು ಅದನ್ನು ಮುಂಗಾರು ಅನ್ನುತ್ತೇವೆ. ಜಾಂಜಿಬಾರಿನವರು ತಮ್ಮ ಸ್ವಾಹಿಲಿ ಭಾಷೆಯಲ್ಲಿ ಕರೆಯುವುದು "ಕುಸಿ" ಎಂದು.

ರಜೆ ಮುಗಿಯಿತು. ಶಾಲೆ ಶುರುವಾಗಿ ನಾಲ್ಕೈದು ದಿನಕ್ಕೆ ಒಂದು ಸಂಜೆ ಫೋನ್ ಬಂತು. ಆಚೆಯಿಂದ ಹಂಚಿನ ಮೇಲೆ ಧೋ ಎನ್ನುವ ಸದ್ದು, ಅದಕ್ಕೂ ಮೇಲೆ ಪುಟ್ಟಿಯ ಕಿರುಚಾಟ: "ಮಾಮ, ಕುಸಿ ಬಂತು! ಕುಸಿ!"

ಹಿಂದೆಯೇ ಅಕ್ಕ ಫೋನ್ ಕಸಿದುಕೊಂಡಳು. "ಏನಂತೆ ಅದು? ಎಲ್ಲಿ ಕುಸಿದದ್ದು? ಹಿತ್ತಲ ಪಾಗಾರವಾ?"